ಹಸಿರು ಇದ್ದಲ್ಲಿ ಮುಟ್ಟಬೇಡಿ

ಗ್ರಾಮಸಭೆಯಲ್ಲಿ ಸ್ವರ್ಣಲತಾ ಮೊದಲು ನಿಜವನ್ನೇ ಹೇಳಿದ್ದರು. ಕಾರ್ಕಳದ ಹೊರವಲಯದ ಆ ಊರಿನ ಪಾದೆಯ ಮೇಲೆ ಒಣಕಸ ವಿಂಗಡಿಸುವ ಶೆಡ್ ಕಟ್ಟುವ ಪ್ರಸ್ತಾಪ ಬಂದಿತ್ತು. ಪಾದೆ ಎಂದರೆ ಆರು ಎಕರೆಯಷ್ಟು ಕರಿಬಂಡೆ, ನಡುನಡುವೆ ಮುಳಿಹುಲ್ಲು, ಒಂದಷ್ಟು ಮುಳ್ಳಿನ ಪೊದೆ, ಅಂಚಿನಲ್ಲಿ ನೀರು ನಿಂತ ಹಳೆಯ ಕಲ್ಲುಕೋರೆ. ಸರಕಾರಿ ಜಾಗ. ಹತ್ತಿರ ಮನೆಗಳಿಲ್ಲ. ಶೆಡ್ಡಿಗೆ ಅದಕ್ಕಿಂತ ಒಳ್ಳೆಯ ಸ್ಥಳ ಇಲ್ಲವೆಂದೇ ಎಲ್ಲರೂ ತಿಳಿದಿದ್ದರು.

ಸ್ವರ್ಣಲತಾ ಕಾರ್ಕಳದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಮನೆ ಪಕ್ಕದ ಕುಕ್ಕುಂದೂರಿನಲ್ಲಿ. ಆ ಗ್ರಾಮದ ಮತದಾರರಲ್ಲದಿದ್ದರೂ ಮಾತನಾಡಲು ಅನುಮತಿ ಕೇಳಿ ಎದ್ದು ನಿಂತರು.

“ಆ ಬಂಡೆಯ ಉತ್ತರದ ಬದಿಯಲ್ಲಿ, ನೀರು ಜಿನುಗುವಲ್ಲಿ ಒಂದು ಜಾತಿಯ ಹಾವಸೆ ಉಂಟು. ಅದು ಬೇರೆ ಕಡೆ ಸಿಕ್ಕಿದ್ದು ಇಷ್ಟರವರೆಗೆ ಯಾರಿಗೂ ಗೊತ್ತಿಲ್ಲ.”

“ಹಾವಸೆ ಅಂದ್ರೆ ಪಾಚಿಯಾ ಟೀಚರ್?” ಹಿಂದಿನಿಂದ ಒಬ್ಬರು ಕೇಳಿದರು. “ನಮ್ಮ ಬಾವಿಕಟ್ಟೆಯಲ್ಲಿ ಬೇಕಾದಷ್ಟು ಉಂಟು. ಒಂದು ಗೋಣಿ ತುಂಬಿಸಿ ಕಳಿಸುವುದಾ?”

ಸಭೆ ನಕ್ಕಿತು. ಮುಂದೆ ಕುಳಿತಿದ್ದ ಹೆಂಗಸೊಬ್ಬರು, ಅದರಲ್ಲಿ ಜಾರಿ ತಮ್ಮ ಅತ್ತೆ ಸೊಂಟ ಮುರಿದುಕೊಂಡದ್ದನ್ನು ನೆನಪಿಸಿದರು. ಮತ್ತೆ ನಗು. ಸ್ವರ್ಣಲತಾ ನಗು ಮುಗಿಯುವವರೆಗೆ ನಿಂತೇ ಇದ್ದರು. ಆಮೇಲೆ, “ಅಲ್ಲಿ ಮೊಲ ಸಹ ಉಂಟು,” ಎಂದರು.

ಇದೂ ಸುಳ್ಳಲ್ಲ. ಪಾದೆಯ ಹುಲ್ಲಿನಲ್ಲಿ ಮೊಲದ ಹಿಕ್ಕೆಯನ್ನು ಅವರು ಹಲವು ಸಲ ಕಂಡಿದ್ದರು. ಒಮ್ಮೆ ಕಾಲಬುಡದಿಂದಲೇ ಒಂದು ಹಾರಿ ಓಡಿತ್ತು.

ಸಭೆಯ ಸ್ವರ ಬದಲಾಯಿತು. ಅಲ್ಲಿದ್ದ ಪ್ರತಿಯೊಬ್ಬರಿಗೂ ಒಂದು ಮೊಲದ ನೆನಪಿತ್ತು. ಒಬ್ಬರು ಶಾಲೆಗೆ ಹೋಗುವ ದಾರಿಯಲ್ಲಿ ಕಂಡದ್ದು, ಇನ್ನೊಬ್ಬರು ಬೈಕಿನ ಬೆಳಕಿಗೆ ಸಿಕ್ಕಿ ಕದಲದೆ ಕುಳಿತದ್ದು. ಬಲೆ ಹಾಕಿ ಹಿಡಿದು ಪದಾರ್ಥ ಮಾಡಿದ ಕಾಲವನ್ನೂ ಒಬ್ಬರು ಹೇಳಲು ಹೊರಟು, ಕಾನೂನು ನೆನಪಾಗಿ ಅರ್ಧದಲ್ಲಿ ನಿಲ್ಲಿಸಿದರು. “ಈಗ ಎಲ್ಲುಂಟು ಮೊಲ? ಹತ್ತು ವರ್ಷ ಆಯ್ತು ಕಾಣದೆ,” ಎಂದು ಹೆಂಗಸರ ಕಡೆಯಿಂದ ಬಂತು. ಇದ್ದ ನಾಲ್ಕನ್ನಾದರೂ ಬಿಡಬೇಕು ಎಂದಾಯಿತು. ಮುಂದಿನ ಸಭೆಯಲ್ಲಿ ಶೆಡ್ಡಿಗೆ ಮಾರುಕಟ್ಟೆಯ ಹಿಂದಿನ ಜಾಗ ನಿಗದಿಯಾಯಿತು.

“ಮೊದಲೇ ಮೊಲ ಅಂತ ಹೇಳಬಾರದಿತ್ತಾ ಮಾರಾಯ್ತಿ?” ಎಂದರು ಗಂಡ ಧರ್ಮಪಾಲ, ಮೊದಲ ಸಭೆಯ ದಿನ ಸಂಜೆ ಚಾ ಕುಡಿಯುತ್ತ. “ಅಷ್ಟು ಜನರ ಎದುರು ನಗೆಪಾಟಲಾಗುವುದು ತಪ್ಪುತ್ತಿತ್ತು.”

“ನಾನು ಹೋದದ್ದು ಹಾವಸೆಗಾಗಿ.”

“ಹಾವಸೆಗೆ ವೋಟು ಬೀಳುವುದಿಲ್ಲ. ಮೊಲ ಗೆದ್ದರೆ ಅದರ ಬೆನ್ನ ಮೇಲೆ ಇದೂ ಹೋಗ್ತದೆ. ಜಾಗ ಒಂದೇ ಅಲ್ವಾ?”

ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ಧರ್ಮಪಾಲರ ಈ ಮಾತಿನಲ್ಲಿ ತಪ್ಪು ಹುಡುಕಲು ಅಂದು ಸ್ವರ್ಣಲತಾರಿಗೆ ಆಗಲಿಲ್ಲ.

ಹಾವಸೆ ಕಣ್ಣಿಗೆ ಬಿದ್ದದ್ದು ಎರಡು ವರ್ಷದ ಹಿಂದಿನ ಆಗಸ್ಟ್‌ನಲ್ಲಿ, ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದಾಗ. ಪಾದೆಯ ಉತ್ತರದ ಅಂಚಿನಲ್ಲಿ ಒಂದು ಬಂಡೆ ಮನೆಯ ಮಾಡಿನಂತೆ ಮುಂದಕ್ಕೆ ಚಾಚಿದೆ. ಅದರ ಅಡಿಯಲ್ಲಿ ಗೋಡೆಯಂತೆ ನೆಟ್ಟಗೆ ನಿಂತ ನುಣುಪು ಕಲ್ಲು. ಎಡಬದಿಯ ಬಿರುಕಿನಿಂದ ಮಳೆಗಾಲವಿಡೀ ನೀರು ಜಿನುಗುತ್ತದೆ. ಬಿರುಕಿನ ಕೆಳಗೆ ಅಂಗೈ ಅಗಲದ ಎರಡು ಹಸಿರು ತೇಪೆಗಳಿದ್ದವು. ಲೆನ್ಸ್ ಹಿಡಿದು ನೋಡಿದರೆ ಎಲೆಯ ತುದಿ ದೋಣಿಯ ಮೂತಿಯ ಹಾಗೆ ಒಳಕ್ಕೆ ಬಾಗಿತ್ತು. ನಡುವಿನ ನರ ತುದಿ ಮುಟ್ಟುವ ಮೊದಲೇ ಎರಡಾಗಿ ಸೀಳಿತ್ತು. ಕಾಪುವಿನ ಕಡಲ ಬದಿಯಲ್ಲಿ, ದೋಣಿಗಳ ನಡುವೆ ಬೆಳೆದ ಸ್ವರ್ಣಲತಾ ಮೂವತ್ತು ವರ್ಷಗಳಿಂದ ಹಾವಸೆಗಳನ್ನು ನೋಡುತ್ತಿದ್ದರು. ಇಂಥದ್ದನ್ನು ನೋಡಿರಲಿಲ್ಲ.

ಉಗುರಿನಷ್ಟು ಚೂರನ್ನು ಉತ್ತರ ಭಾರತದ ತಜ್ಞರೊಬ್ಬರಿಗೆ ಕಳುಹಿಸಿದರು. ಆರು ತಿಂಗಳ ಮೇಲೆ ಅವರು ಫೋನ್ ಮಾಡಿದರು. ಹೊಸ ಜಾತಿ ಇರಬಹುದು, ಬಹುಮಟ್ಟಿಗೆ ಹೌದು. ಆದರೆ ಬರಿಯ ಎಲೆ ನೋಡಿ ಹೆಸರಿಡಲು ಬರುವುದಿಲ್ಲ. ಬಲಿತ ಬೀಜಾಣುಕೋಶ ಬೇಕು.

ಹಾವಸೆಗೆ ಹೂವಿಲ್ಲ, ಬೀಜವಿಲ್ಲ. ಕೂದಲಿನಂಥ ಕಡ್ಡಿಯೊಂದು ಎದ್ದು, ಅದರ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಕೋಶವೊಂದು ಕೂರುತ್ತದೆ. ಅದರ ಬಾಯಿಯ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಜಾತಿ ನಿರ್ಧಾರವಾಗಬೇಕು. ಮರುವರ್ಷ ಅಕ್ಟೋಬರ್‌ನಲ್ಲಿ ಅಂಥ ಕೆಲವು ಕಡ್ಡಿಗಳು ಎದ್ದವು. ಇನ್ನೂ ಎಳೆಯವು. ಬಲಿಯಲೆಂದು ಬಿಟ್ಟು ಬಂದರು. ನವೆಂಬರ್‌ನಲ್ಲಿ ಹೋಗುವಾಗ ಹುಳವೋ ಬಸವನಹುಳುವೋ ಎಲ್ಲವನ್ನೂ ಮೇಯ್ದು ಕಡ್ಡಿಗಳಷ್ಟೇ ಉಳಿದಿದ್ದವು. ಬರುವ ವರ್ಷ ವಾರ ವಾರ ಬರುವುದೆಂದು ಅಲ್ಲಿಯೇ ನಿಶ್ಚಯಿಸಿದರು. ಮೇ ಕೊನೆಗೆ ಅವರ ನಿವೃತ್ತಿ. ಆಮೇಲೆ ಸಮಯಕ್ಕೆ ಕೊರತೆ ಇರಲಿಲ್ಲ.

ಹೆಸರು ಸಿಗುವುದು ಬರಿಯ ಗೌರವದ ಮಾತಲ್ಲ. ಹೆಸರಿಲ್ಲದ್ದನ್ನು ಯಾವ ಕಾಯಿದೆಯೂ ಕಾಯುವುದಿಲ್ಲ. ಅಳಿವಿನಂಚಿನಲ್ಲಿದೆ ಎಂದು ಹೇಳಬೇಕಾದರೂ ಮೊದಲು ಅದು ಇದೆ ಎಂದು ದಾಖಲಾಗಿರಬೇಕು.

ಮೊಲದ ಸಂಗತಿ ಬೇರೆ. ತರಗತಿಯಲ್ಲಿ ಸ್ವರ್ಣಲತಾ ಅಸ್ಸಾಮಿನ ಒರಟುಗೂದಲ ಮೊಲದ ಉದಾಹರಣೆ ಕೊಡುತ್ತಿದ್ದರು. ಹಿಮಾಲಯದ ತಪ್ಪಲಿನ ಎತ್ತರದ ಹುಲ್ಲುಗಾವಲಿನಲ್ಲಿ ಬದುಕುವ ಅದು ನಾಶವಾಗಿರಬೇಕೆಂದು ಒಂದು ಕಾಲದಲ್ಲಿ ಎಲ್ಲರೂ ತಿಳಿದಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಮತ್ತೆ ಕಾಣಿಸಿತು. ಈಗಲೂ ಅಪಾಯದಲ್ಲಿದೆ, ಆದರೆ ಅದಕ್ಕೆ ಹೆಸರುಂಟು, ಕಾನೂನುಂಟು, ಕಾಯುವವರುಂಟು. ನಮ್ಮ ಪಾದೆಯ ಮೊಲ ಆ ಜಾತಿಯದ್ದಲ್ಲ. ಇದು ಕುತ್ತಿಗೆಯ ಹಿಂಭಾಗ ಕಪ್ಪಿರುವ ಸಾಧಾರಣ ಕಂದು ಮೊಲ. ದೇಶದ ಲೆಕ್ಕದಲ್ಲಿ ಅಪಾಯದಲ್ಲಿಲ್ಲ, ಈ ಊರಿನ ಲೆಕ್ಕದಲ್ಲಿ ಮುಗಿಯುತ್ತ ಬಂದಿದೆ. ಇಷ್ಟನ್ನೂ ಬಿಡಿಸಿ ಹೇಳದೆ ಅವರಿಗೆ ಸಮಾಧಾನವಿರಲಿಲ್ಲ.

“ಮೇಡಂ, ಮೊಲಕ್ಕೆ ಕಣ್ಣುಂಟು,” ಎಂದಿದ್ದಳು ನವ್ಯಶ್ರೀ. ಅವರ ಹಳೆಯ ವಿದ್ಯಾರ್ಥಿನಿ, ಈಗ ಮಣಿಪಾಲದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಹಾವಸೆಯ ಎಲೆಯನ್ನು ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಲು ಸ್ವರ್ಣಲತಾ ಹೋಗುತ್ತಿದ್ದದ್ದು ಅವಳಲ್ಲಿಗೆ. “ಕಣ್ಣಿದ್ದದ್ದಕ್ಕೆ ಜನ ಮರುಗುತ್ತಾರೆ.”

“ಬಂಗುಡೆಗೂ ಕಣ್ಣುಂಟಲ್ಲ. ನಮ್ಮ ಕಾಪುವಿನಲ್ಲಿ ಬುಟ್ಟಿ ತುಂಬ ಕಣ್ಣೇ.”

“ಹಾಗಾದ್ರೆ ಕಣ್ಣಿನ ಜೊತೆ ಕಿವಿಯೂ ಬೇಕು.”

ಇಬ್ಬರೂ ನಕ್ಕಿದ್ದರು. ಆಮೇಲೆ ನವ್ಯಶ್ರೀ, “ಮೊಲ ಓಡುತ್ತದೆ ಮೇಡಂ. ಇಲ್ಲಿ ಆಗದಿದ್ದರೆ ಇನ್ನೊಂದು ಗುಡ್ಡೆಗೆ. ಇದು ಎಲ್ಲಿಗೆ ಹೋಗುವುದು?” ಎಂದು ಕೇಳಿದಳು.

ಗ್ರಾಮಸಭೆಯ ಬಳಿಕ ಮೊಲದ ಕೆಲಸವನ್ನು ಧರ್ಮಪಾಲ ತಮ್ಮದನ್ನಾಗಿ ಮಾಡಿಕೊಂಡರು. ಪಾದೆಯ ಊರಿನ ಗೆಳೆಯರ ಬಳಗಕ್ಕೆ ಅವರು ಗೌರವಾಧ್ಯಕ್ಷರು. ಕಾರ್ಕಳದಲ್ಲಿ ಸ್ಟುಡಿಯೊ ಇಟ್ಟಿದ್ದ ಡೆನಿಸ್‌ನನ್ನು ಹಿಡಿದು ಐದು ದಿನ ಬೆಳಗ್ಗೆ ಪಾದೆಯಲ್ಲಿ ಕೂರಿಸಿದರು. ಡೆನಿಸ್ ತೆಗೆದ ಫೋಟೋದಲ್ಲಿ ಮೊಲ ಹುಲ್ಲಿನ ನಡುವೆ ಕಿವಿ ಮಡಚಿ ಕುಳಿತಿತ್ತು. ಆ ಫೋಟೋ ಉಡುಪಿಯವರೆಗೆ ಎಲ್ಲ ಮೊಬೈಲುಗಳಲ್ಲಿ ತಿರುಗಿತು. ಫೋಟೋ ನೋಡಿ ಜನ ಬಂದರು, ಬಂದವರಿಗೆ ಧರ್ಮಪಾಲ ಪಾದೆ ತೋರಿಸಿದರು. ಹೆಂಡತಿ ಮೂವತ್ತು ವರ್ಷ ಒಬ್ಬಳೇ ಗುಡ್ಡೆ ಸುತ್ತಿದ್ದಳು, ಈಗ ತಾನೂ ಅವಳ ಕೆಲಸಕ್ಕೆ ಒದಗುತ್ತಿದ್ದೇನೆ ಎಂಬ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು. ಸ್ವರ್ಣಲತಾ ಅದನ್ನು ಕಂಡು ತಾವೂ ಸಂತೋಷಪಟ್ಟರು.

ಹಾವಸೆಯನ್ನು ಗಂಡನಿಗೆ ಒಮ್ಮೆ ತೋರಿಸಿದ್ದರು. ಅದು ಜುಲೈ. ಧರ್ಮಪಾಲ ಕೊಡೆ ಹಿಡಿದು ಬಗ್ಗಿ ನೋಡಿ, “ಇಷ್ಟೇ ಇಷ್ಟಾ?” ಎಂದಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಹಸಿರು ಚೆಂದ ಉಂಟು,” ಎಂದಿದ್ದರು.

ಏಪ್ರಿಲ್ ಮಧ್ಯದಲ್ಲಿ ಕಾಪುವಿನಲ್ಲಿದ್ದ ತಂಗಿ ಪುಷ್ಪಾವತಿಗೆ ಪಿತ್ತಕೋಶದ ಆಪರೇಷನ್ ಆಯಿತು. ಅವಳ ಗಂಡ ಬೋಟಿನಲ್ಲಿ ಸಮುದ್ರಕ್ಕೆ ಹೋಗಿದ್ದ. ಸ್ವರ್ಣಲತಾ ಕಾಲೇಜಿಗೆ ರಜೆ ಹಾಕಿ ಮಣಿಪಾಲದ ಆಸ್ಪತ್ರೆಯಲ್ಲಿ ಉಳಿದರು. ಶುಕ್ರವಾರ ಧರ್ಮಪಾಲ ಫೋನ್ ಮಾಡಿ, ಭಾನುವಾರ ಪಾದೆಯಲ್ಲಿ ಶ್ರಮದಾನ ಉಂಟು, ಮೊಲಗಳಿಗೆ ನೀರಿನ ತೊಟ್ಟಿ ಇಡುತ್ತೇವೆ ಎಂದರು.

“ಮೊಲಕ್ಕೆ ತೊಟ್ಟಿ ಬೇಕಂತ ಇಲ್ಲ. ಹುಲ್ಲಿನಲ್ಲಿ, ಇಬ್ಬನಿಯಲ್ಲಿ ಅದಕ್ಕೆ ಬೇಕಾದಷ್ಟು ನೀರು ಸಿಗ್ತದೆ.”

“ಇರಲಿ, ಹಕ್ಕಿಗಾದರೂ ಆಗ್ತದೆ. ಹುಡುಗರಿಗೆ ಉತ್ಸಾಹ ಉಂಟು, ತಣ್ಣೀರು ಹಾಕುವುದು ಬೇಡ.”

“ಸರಿ. ಕೋರೆಯ ಹತ್ತಿರ ಬಾಟ್ಲಿಗಳುಂಟು, ಅದನ್ನೂ ಹೆಕ್ಕಲಿ,” ಎಂದರು ಸ್ವರ್ಣಲತಾ. ಅಷ್ಟರಲ್ಲಿ ನರ್ಸ್ ಬಂದದ್ದರಿಂದ ಫೋನ್ ಇಟ್ಟರು.

ಈ ಕಡೆ ಭಾನುವಾರದ ಶ್ರಮದಾನವೆಂದರೆ ಕತ್ತಿ, ಹಾರೆ, ಬುಟ್ಟಿ ಹಿಡಿದು ನಲವತ್ತು ಐವತ್ತು ಮಂದಿ ಸೇರುವುದು, ಹತ್ತು ಗಂಟೆಗೆ ಅವಲಕ್ಕಿ, ಚಾ, ಮಧ್ಯಾಹ್ನ ಗಂಜಿಯೂಟ. ಶಾಲೆಯ ಅಂಗಳವಾಗಲಿ, ಬಸ್ ತಂಗುದಾಣವಾಗಲಿ, ಕೈಹಾಕಿದ ಮೇಲೆ ಅದು ಹೊಳೆಯಬೇಕು. ಮಳೆಗಾಲ ಕಳೆದ ಮೇಲೆ ಪ್ರತಿ ಮನೆಯವರೂ ಕಾಂಪೌಂಡು ಗೋಡೆಯ ಕಪ್ಪು ಉಜ್ಜಿ ತೆಗೆಯುವ ಸೀಮೆ ಇದು. ಕಲ್ಲಿನ ಮೇಲೆ ಕಪ್ಪು ಉಳಿಯಗೊಡುವುದು ಉದಾಸೀನದ ಗುರುತು.

ಭಾನುವಾರ ಸಂಜೆ ವಾರ್ಡಿನಲ್ಲಿ ಪುಷ್ಪಾವತಿ ಎದ್ದು ಕುಳಿತು ಗಂಜಿ ತೆಳಿ ಕುಡಿಯುತ್ತಿದ್ದಳು. ಸ್ವರ್ಣಲತಾರ ಫೋನಿಗೆ ಒಂದರ ಮೇಲೊಂದು ಫೋಟೋ ಬಂದವು. ಬುಟ್ಟಿ ಹೊತ್ತವರು, ಸಿಮೆಂಟಿನ ತೊಟ್ಟಿ, ಸಾಲಾಗಿ ನಿಂತ ಬಳಗ. ಕೊನೆಯ ಫೋಟೋದಲ್ಲಿ ನೀಲಿ ಬಣ್ಣ ಬಳಿದ ಕಲ್ಲಿನ ಮೇಲೆ ಆಳೆತ್ತರದ ಒಂದು ಮೊಲ. ಬಿಳಿಯ ಮೈ, ಕೆಂಪು ಕಣ್ಣು, ಮುಂಗಾಲಿನಲ್ಲಿ ಕ್ಯಾರೆಟ್. ಕೆಳಗೆ, ‘ನಮ್ಮ ಮೊಲ, ನಮ್ಮ ಹೆಮ್ಮೆ’.

“ಅಕ್ಕ, ಚೆಂದ ಬಿಡಿಸಿದ್ದಾರೆ,” ಎಂದು ಇಣುಕಿದಳು ಪುಷ್ಪಾವತಿ. “ನಮ್ಮಲ್ಲಿ ಬಿಳಿ ಮೊಲ ಉಂಟಾ?”

“ಇಲ್ಲ. ಅದು ಗೂಡಿನಲ್ಲಿ ಸಾಕುವುದು.”

ಹೇಳುತ್ತ ಸ್ವರ್ಣಲತಾ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರು. ಮೊಲದ ಎಡಗಿವಿಯ ಪಕ್ಕದಲ್ಲಿ ಕಲ್ಲಿಗೊಂದು ಬಿರುಕಿತ್ತು. ಮೇಲೆ ಮಾಡಿನಂತೆ ಚಾಚಿದ ಬಂಡೆಯ ನೆರಳು.

“ಎಂತ ಆಯ್ತಕ್ಕ?” ಪುಷ್ಪಾವತಿ ಎರಡು ಸಲ ಕೇಳಿದಳು.

ಅವರು ವರಾಂಡಕ್ಕೆ ಹೋಗಿ ಗಂಡನಿಗೆ ಫೋನ್ ಮಾಡಿದರು.

“ನೋಡಿದೆಯಾ? ಹೇಗೆ ಉಂಟು?” ಎಂದರು ಧರ್ಮಪಾಲ. ಹಿಂದೆ ಹುಡುಗರ ನಗು ಕೇಳುತ್ತಿತ್ತು. “ಬೋರ್ಡ್ ಬರೆಯುವವನನ್ನು ಉಡುಪಿಯಿಂದ ಕರೆಸಿದ್ದು. ಒಂದೇ ದಿನದಲ್ಲಿ ಮುಗಿಸಿದ.”

“ಅದು ಯಾವ ಕಲ್ಲು?”

“ಉತ್ತರದ್ದು. ಮೇಲೆ ಬಂಡೆ ಇದೆಯಲ್ಲ, ಮಳೆ ಹೊಡೆಯುವುದಿಲ್ಲ. ಬಣ್ಣ ಬಾಳಿಕೆ ಬರ್ತದೆ ಅಂತ ನಮ್ಮ ಬಳಗದ ಲಕ್ಷಿತ್ ಹೇಳಿದ.”

ಸ್ವರ್ಣಲತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

“ಲತಾ? ಹಸಿರು ಇದ್ದಲ್ಲಿ ಮುಟ್ಟಬೇಡಿ ಅಂತ ನಾನು ಎಲ್ಲರಿಗೂ ಹೇಳಿದ್ದೆ. ಬೆಳಗ್ಗೆಯೇ ನಿಲ್ಲಿಸಿ ಹೇಳಿದ್ದೆ. ನಿನ್ನದು ಎಲ್ಲಿ ಅಂತ ನಾನೂ ಹುಡುಕಿದೆ. ಆ ಬದಿಯಲ್ಲಿ ಹಸಿರು ಅಂತ ಎಲ್ಲೂ ಇರಲಿಲ್ಲ.”

“ನಾಳೆ ಬರ್ತೇನೆ,” ಎಂದು ಅವರು ಫೋನ್ ಇಟ್ಟರು.

ಮರುದಿನ ಬೆಳಗ್ಗೆ ನವ್ಯಶ್ರೀ ಅರ್ಧ ದಿನಕ್ಕೆ ಪುಷ್ಪಾವತಿಯ ಬಳಿ ಕೂರಲು ಬಂದಳು. ಸ್ವರ್ಣಲತಾ ಮಣಿಪಾಲದಿಂದ ಕಾರ್ಕಳದ ಬಸ್ಸು ಹಿಡಿದು ಜೋಡುರಸ್ತೆಯಲ್ಲಿ ಇಳಿದರು. ಧರ್ಮಪಾಲ ಸ್ಕೂಟರಿನಲ್ಲಿ ಕಾಯುತ್ತಿದ್ದರು.

ಪಾದೆ ಅಚ್ಚುಕಟ್ಟಾಗಿತ್ತು. ಒಂದು ಬಾಟ್ಲಿ ಇರಲಿಲ್ಲ. ಉತ್ತರದ ಕಲ್ಲಿನ ಬುಡದ ಪೊದೆ ಸವರಿ ಮೆಟ್ಟಿಲು ಮಾಡಿದ್ದರು. ಬಣ್ಣದ ವಾಸನೆ ಇನ್ನೂ ಇತ್ತು. ಸ್ವರ್ಣಲತಾ ಬಿರುಕಿನ ಕೆಳಗೆ ಕೈಯಿಟ್ಟರು. ನುಣುಪು. ಪ್ರೈಮರ್ ಬಳಿದು, ಅದರ ಮೇಲೆ ಎನಾಮಲ್ ಬಳಿದು, ಅದರ ಮೇಲೆ ಮೊಲದ ಭುಜ.

“ಬಣ್ಣದ ಮೊದಲು ಹೇಗೆ ತೊಳೆದದ್ದು?”

“ಲಕ್ಷಿತ್‌ನ ವಾಟರ್ ಸರ್ವಿಸ್ ಉಂಟಲ್ಲ, ಕಾರು ತೊಳೆಯುವ ಪ್ರೆಶರ್ ಪಂಪು ತಂದಿದ್ದ. ಅದಕ್ಕೆ ಮೊದಲು ತಂತಿ ಬ್ರಷ್ಷು. ಕರಿ ಹಿಡಿದಿತ್ತು ಲತಾ. ಒಣಗಿ ಹೊಪ್ಪಳೆ ಹೊಪ್ಪಳೆ ಬರುತ್ತಿತ್ತು.”

“ಅದೇ.”

“ಯಾವುದು ಅದೇ?”

“ಆ ಕರಿ ಹೊಪ್ಪಳೆ. ಬೇಸಿಗೆಯಲ್ಲಿ ಅದು ಹಾಗೇ ಇರುವುದು. ಒಣಗ್ತದೆ, ಸಾಯುವುದಿಲ್ಲ. ನಾಲ್ಕು ಹನಿ ನೀರು ಬಿದ್ದರೆ ನೋಡುತ್ತಿದ್ದಂತೆ ಹಸಿರಾಗ್ತದೆ.”

ಧರ್ಮಪಾಲ ಕಲ್ಲನ್ನು ನೋಡಿದರು. ಆಮೇಲೆ ನೆಲ ನೋಡಿದರು. ತೊಳೆದ ನೀರು ಹರಿದುಹೋದ ಗುರುತು ಇನ್ನೂ ಮಣ್ಣಿನಲ್ಲಿತ್ತು. ಅವರು ಅಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಮಣ್ಣನ್ನು ಬೆರಳಿನಿಂದ ಕೆದಕತೊಡಗಿದರು.

“ನೀನು ಹೇಳಲಿಲ್ಲ,” ಎಂದರು, ತಲೆಯೆತ್ತದೆ. ದೂರುವ ಧ್ವನಿಯಲ್ಲ.

“ಹೇಳಲಿಲ್ಲ.”

ಮಳೆಗಾಲದಲ್ಲಿ ತೋರಿಸಿದ್ದರು. ಬೇಸಿಗೆಯಲ್ಲಿಯೂ ತೋರಿಸಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಅದು ಪಾಠ ಮಾಡಬೇಕಾದ ವಿಷಯವೆಂದೇ ಅನಿಸಿರಲಿಲ್ಲ.

ಆ ವಾರ ನವ್ಯಶ್ರೀ ಬಂದಳು. ಬಣ್ಣ ತಾಗದ ಅಂಚುಗಳನ್ನು, ಬಿರುಕಿನ ಒಳಭಾಗವನ್ನು ಸೂಜಿಯಿಂದ ಕೆರೆದಳು. ನೆಲದ ಮಣ್ಣನ್ನೂ ಪುಟ್ಟ ಡಬ್ಬಿಗಳಲ್ಲಿ ತುಂಬಿದಳು. ಹಾವಸೆಯ ಒಂದು ಎಲೆಯ ತುಂಡಿನಿಂದಲೂ ಹೊಸ ಗಿಡ ಏಳಬಹುದು, ಅಂಥದ್ದು ನಡೆಯದ ಮಾತಲ್ಲ ಎಂದಳು. ಮಣಿಪಾಲದಲ್ಲಿ ಆ ಡಬ್ಬಿಗಳನ್ನು ತೇವದಲ್ಲಿಟ್ಟು ಕಾದಳು. ಎದ್ದದ್ದು ಬೂಷ್ಟು, ನೀರಪಾಚಿ, ಒಂದು ಹುಲ್ಲಿನ ಮೊಳಕೆ.

ತಜ್ಞರಿಗೆ ಸ್ವರ್ಣಲತಾ ತಾವೇ ಫೋನ್ ಮಾಡಿದರು. ಅವರ ಬಳಿ ಇದ್ದದ್ದು ಕಳುಹಿಸಿದ ಆ ಉಗುರಿನಷ್ಟು ಚೂರು, ಅದರಲ್ಲಿ ಅರ್ಧ ಪರೀಕ್ಷೆಗೆ ಮುಗಿದಿತ್ತು. “ಕೋಶ ಇಲ್ಲದೆ ನಾನು ಏನೂ ಬರೆಯಲಾರೆ. ಬರೆದರೂ ಯಾರೂ ಒಪ್ಪುವುದಿಲ್ಲ. ಕ್ಷಮಿಸಿ,” ಎಂದರು ಅವರು. ಅವರು ಹೇಳಿದ್ದು ಸರಿಯೇ ಇತ್ತು. ಅವರ ಜಾಗದಲ್ಲಿ ಇದ್ದಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆನೆಂದು ಸ್ವರ್ಣಲತಾರಿಗೆ ಗೊತ್ತಿತ್ತು.

ಧರ್ಮಪಾಲ ಒಂದು ದಿನ ಪೇಟೆಯಿಂದ ಎರಡು ಡಬ್ಬಿ ಥಿನ್ನರ್ ತಂದರು. ಬಣ್ಣ ತೆಗೆಯುತ್ತೇನೆ ಎಂದರು. ಬಿರುಕಿನೊಳಗೆ ಏನಾದರೂ ಉಳಿದಿದ್ದರೆ ಅದು ಥಿನ್ನರಿಗೆ ಸಾಯುತ್ತದೆ ಎಂದು ಸ್ವರ್ಣಲತಾ ತಡೆದರು. ಆಮೇಲೆ ಅವರು ಮೇ ತಿಂಗಳ ಬಿಸಿಲಿನಲ್ಲಿ ಪ್ರತಿದಿನ ಸ್ಕೂಟರಿನಲ್ಲಿ ಒಂದು ಕ್ಯಾನ್ ಬಾವಿನೀರು ಕೊಂಡುಹೋಗಿ ಬಿರುಕಿಗೆ ಸುರಿದು ಬರತೊಡಗಿದರು. ನಳ್ಳಿ ನೀರಿನಲ್ಲಿ ಕ್ಲೋರಿನ್ ಇರುತ್ತದೆಂದು ಯಾರೋ ಹೇಳಿದ್ದರು. ಅದರಿಂದ ಪ್ರಯೋಜನವಿಲ್ಲ, ಆ ಜೀವದ ಕ್ರಮವೇ ಬೇಸಿಗೆಯಲ್ಲಿ ಒಣಗಿ ಇರುವುದು ಎಂದು ಹೇಳಲು ಸ್ವರ್ಣಲತಾ ಒಂದೆರಡು ಸಲ ಬಾಯಿ ತೆರೆದರು. ಹೇಳಲಿಲ್ಲ. ಕ್ಯಾನ್ ತೊಳೆದು ಬಾಗಿಲ ಬಳಿ ಇಡುತ್ತಿದ್ದರು.

ಮೇ ಮೂವತ್ತೊಂದಕ್ಕೆ ನಿವೃತ್ತರಾದರು. ಪರಿಸರ ದಿನಕ್ಕೆ ಬಳಗದವರು ಪಾದೆಯಲ್ಲೇ ಕಾರ್ಯಕ್ರಮ ಇಟ್ಟರು. ಮೊಲದ ಚಿತ್ರದ ಎದುರು ಶಾಮಿಯಾನ, ಕುರ್ಚಿ. ಸ್ವರ್ಣಲತಾರಿಗೆ ಶಾಲು, ಹಣ್ಣಿನ ಬುಟ್ಟಿ. ಮೇಡಂ ಇಲ್ಲದಿದ್ದರೆ ಈ ಮೊಲಗಳು ಉಳಿಯುತ್ತಿರಲಿಲ್ಲ ಎಂದು ಮೂವರು ಭಾಷಣದಲ್ಲಿ ಹೇಳಿದರು. ಅದು ಬಹುಮಟ್ಟಿಗೆ ನಿಜ. ಮಾರುಕಟ್ಟೆಯ ಹಿಂದಿನ ಜಾಗಕ್ಕೆ ಅಲ್ಲಿನ ಅಂಗಡಿಯವರ ವಿರೋಧ ಶುರುವಾಗಿತ್ತು. ಪಾದೆಯ ಹೆಸರು ಮತ್ತೆ ಕೇಳಿಬರುತ್ತಿತ್ತು. ಮೊಲದ ಮಾತು ಸಡಿಲವಾದರೆ ಶೆಡ್ ವಾಪಸು ಬರುವುದು ಖಂಡಿತ. ಮೈಕು ಕೈಗೆ ಬಂದಾಗ ಸ್ವರ್ಣಲತಾ ಮೊಲದ ಬಗ್ಗೆ ಐದು ನಿಮಿಷ ಮಾತನಾಡಿದರು. ಅದು ಬಿಲ ತೋಡುವುದಿಲ್ಲ, ಹುಲ್ಲಿನಲ್ಲಿ ತಗ್ಗು ಮಾಡಿ ಕೂರುತ್ತದೆ, ಆದ್ದರಿಂದ ಹುಲ್ಲಿಗೆ ಬೆಂಕಿ ಕೊಡಬೇಡಿ ಎಂದರು. ಜನ ಚಪ್ಪಾಳೆ ತಟ್ಟಿದರು. ಹಾವಸೆಯ ಮಾತು ಎತ್ತಲಿಲ್ಲ.

ಊಟಕ್ಕೆ ಏಳುವಾಗ ಲಕ್ಷಿತ್ ಬಂದ. “ಮೇಡಂ, ಧರ್ಮಣ್ಣ ಹೇಳಿದ್ರು. ಪಂಪು ಹಿಡಿದದ್ದು ನಾನೇ.”

“ನಿಮಗೆ ಗೊತ್ತಿರಲಿಲ್ಲ.”

“ನಮ್ಮ ಬಾವಿಕಟ್ಟೆಯಲ್ಲಿ ಒಳ್ಳೆ ಪಾಚಿ ಉಂಟು. ತಂದು ಅಂಟಿಸಿದರೆ ಹಿಡೀತದಾ?”

ಗ್ರಾಮಸಭೆಯಲ್ಲಿ ಇದೇ ಮಾತಿಗೆ ಜನ ನಕ್ಕಿದ್ದರು. ಇವನು ತಮಾಷೆಗೆ ಕೇಳುತ್ತಿರಲಿಲ್ಲ.

“ನಿಮ್ಮ ನಾಯಿ ಸತ್ತರೆ ಪಕ್ಕದ ಮನೆಯದ್ದನ್ನು ತಂದು ಕಟ್ಟಿದರೆ ಆಗ್ತದಾ ಲಕ್ಷಿತ್?”

ಅಷ್ಟು ಗಡುಸಾಗಿ ಹೇಳಬಾರದಿತ್ತು ಎಂದು ಸ್ವರ್ಣಲತಾರಿಗೆ ಅನಿಸಿತು. “ಊಟ ಮಾಡಿ, ಹೋಗಿ,” ಎಂದರು.

ಮಳೆ ಆ ವರ್ಷ ತಡವಾಗಿ ಹಿಡಿದು ಜುಲೈಯಲ್ಲಿ ಬಿಡದೆ ಸುರಿಯಿತು. ಬಿರುಕಿನಿಂದ ನೀರು ಜಿನುಗಲು ಶುರುವಾದ ಮೇಲೆ ಬಣ್ಣ ಉಬ್ಬಿತು, ಮೊಲದ ಭುಜ ಗುಳ್ಳೆಯೆದ್ದು ಒಡೆಯಿತು. ಬಾಳಿಕೆ ಬರುವ ಬಣ್ಣವಲ್ಲ ಎಂದು ಬಳಗದವರು ಉಡುಪಿಯ ಬೋರ್ಡ್ ಬರೆಯುವವನನ್ನು ಬೈದರು. ಸ್ವರ್ಣಲತಾ ವಾರ ವಾರ ಹೋದರು. ಬರಿಯ ಕಲ್ಲು. ಅದೇ ಪಾದೆಯ ಹುಲ್ಲಿನಲ್ಲಿ ಮೊಲದ ಹೊಸ ಹಿಕ್ಕೆ ಮಾತ್ರ ಮೊದಲಿಗಿಂತ ಹೆಚ್ಚಾಗಿ ಕಾಣುತ್ತಿತ್ತು. ಅದನ್ನು ಕಂಡು ಅವರಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮೊಲದ ಮೇಲೆ ಸಿಟ್ಟೂ ಬರಲಿಲ್ಲ.

ಆಗಸ್ಟ್ ಕೊನೆಯ ಒಂದು ಬೆಳಗ್ಗೆ ಧರ್ಮಪಾಲ ಒದ್ದೆಯಾಗಿಯೇ ಮನೆಯೊಳಗೆ ಬಂದರು. ರೈನ್‌ಕೋಟಿನ ನೀರು ನೆಲಕ್ಕೆಲ್ಲ ಇಳಿಯುತ್ತಿತ್ತು.

“ಬಂದಿದೆ ಲತಾ.”

“ಎಂತದ್ದು?”

“ಹಸಿರು. ಬಣ್ಣ ಎದ್ದ ಕಡೆ, ಬಿರುಕಿನ ಕೆಳಗೆಯೇ. ಮೊದಲು ಇದ್ದ ಜಾಗವೇ. ಬಾ, ಲೆನ್ಸ್ ತೆಗೆದುಕೋ.”

ಅವರು ಹೋದರು. ಮಳೆ ಸಣ್ಣಗೆ ಹನಿಯುತ್ತಿತ್ತು. ಒಡೆದ ಬಣ್ಣದ ಅಂಚಿನಲ್ಲಿ ನಿಜಕ್ಕೂ ಹಸಿರಿತ್ತು, ಎರಡು ಬೆರಳಿನಷ್ಟು ಅಗಲ, ಎಳೆಯದು, ಹೊಳೆಯುವಂಥದ್ದು. ಲೆನ್ಸ್ ಇಡುವ ಮೊದಲೇ ಸ್ವರ್ಣಲತಾರಿಗೆ ಗೊತ್ತಾಯಿತು. ಆದರೂ ಲೆನ್ಸ್ ಇಟ್ಟರು. ಧರ್ಮಪಾಲ ಅವರ ತಲೆಯ ಮೇಲೆ ಕೊಡೆ ಹಿಡಿದು, ತಾವು ನೆನೆಯುತ್ತ ನಿಂತಿದ್ದರು. ಎಲೆಯ ತುದಿ ಚೂಪಾಗಿತ್ತು. ನಡುವಿನ ನರ ಎಲ್ಲಿಯೂ ಸೀಳದೆ ತುದಿಯವರೆಗೆ ನೆಟ್ಟಗೆ ಹೋಗಿತ್ತು.

“ಇದು ಅದಲ್ಲ,” ಎಂದರು.

“ಇನ್ನೊಮ್ಮೆ ನೋಡು. ಸಣ್ಣದಿರುವಾಗ ಬೇರೆ ಥರ ಕಾಣಬಹುದು.”

ಅವರು ಇನ್ನೊಮ್ಮೆ ನೋಡಿದರು. ಒಂದು ಗಿಡವನ್ನು ಬೆರಳ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿದರು.

“ಅಲ್ಲ. ನಮ್ಮ ಕಾಂಪೌಂಡಿನ ಮೇಲೆ ಇರುವುದೇ ಇದು. ಎಲ್ಲ ಕಡೆ ಬರ್ತದೆ.”

ಧರ್ಮಪಾಲ ಕೊಡೆ ಹಿಡಿದ ಕೈ ಬದಲಿಸಿದರು.

“ಹಾಗಾದ್ರೆ ಇದನ್ನು ಕೀಳುವುದಾ? ಅದು ಬರುವುದಾದರೆ ಅದಕ್ಕೆ ಜಾಗ ಬೇಕಲ್ಲ.”

“ಬೇಡ. ಇದರಷ್ಟಕ್ಕೆ ಇದು ಇರಲಿ.”

ಬೆರಳಿನ ಮೇಲಿದ್ದ ಗಿಡವನ್ನು ಅವರು ಮೊದಲಿದ್ದಲ್ಲಿಯೇ ಒತ್ತಿ ಕೂರಿಸಿದರು. ಬಿರುಕಿನಿಂದ ಬಂದ ನೀರು ಅದರ ಮೇಲಿಂದ ಇಳಿಯಿತು.

“ಸೆಪ್ಟೆಂಬರ್ ಇನ್ನೂ ಉಂಟಲ್ಲ,” ಎಂದರು ಧರ್ಮಪಾಲ. ಕೇಳಿದ್ದೋ ಹೇಳಿದ್ದೋ ತಿಳಿಯುವಂತಿರಲಿಲ್ಲ.

“ಉಂಟು,” ಎಂದರು ಸ್ವರ್ಣಲತಾ. ಅಷ್ಟರಮಟ್ಟಿಗೆ ಅದು ನಿಜವಾಗಿತ್ತು.